ಕಲ್ಯಾಣಿಯ ಹಬೆ: ಅರಸೀಕೆರೆ ಸೀಮೆಯ ಒಂದು ‘ಬಿಸಿನೀರಿನ ಬುಗ್ಗೆ’ಯ ಪ್ರಕರಣ

ಧನುರ್ಮಾಸ ಹುಟ್ಟಿ ವಾರವಾಗಿತ್ತು. ಬೆಳಗಿನ ಆರು ಗಂಟೆಗೆ ಫೋನು ಬಂತು. “ಮೇಷ್ಟ್ರೇ, ನಮ್ಮೂರಿನ ಕಲ್ಯಾಣಿಯಲ್ಲಿ ಬಿಸಿನೀರು ಎದ್ದಿದೆ. ಹಬೆ ಆಡುತ್ತಿದೆ. ನೀವು ಬಂದು ನೋಡಲೇಬೇಕು.” ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಿಂದ ವಿಜ್ಞಾನ ಕೇಳಿದವನು, ಈಗ ಅರಸೀಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿಯವರಿಗೆ ಗೊತ್ತು, ಬೇರೆಯವರಿಗೆ ಗೊತ್ತಾಗಿ ಆಗಬೇಕಾದದ್ದೇನೂ ಇಲ್ಲ.

ಹಾಸನದ ಮನೆಯಲ್ಲಿ ಹೊದಿಕೆಯೊಳಗೇ ಕುಳಿತು ನಾನು ತೀರ್ಪು ಕೊಟ್ಟುಬಿಟ್ಟೆ: “ಚಳಿಗಾಲದಲ್ಲಿ ಎಲ್ಲ ಬಾವಿಯ ನೀರೂ ಬೆಳಗ್ಗೆ ಬೆಚ್ಚಗೇ ಇರುತ್ತದಪ್ಪ. ಹೊರಗಿನ ಗಾಳಿ ತಣ್ಣಗಿರುವುದರಿಂದ ಹಬೆ ಕಾಣುತ್ತದೆ. ಒಂಬತ್ತನೆಯ ತರಗತಿಯ ಪಾಠ, ಮರೆತೆಯಾ?” ಅವನು ಮರೆತಿರಲಿಲ್ಲ. ಆದರೆ ಅವನ ಧ್ವನಿ ಇಳಿದದ್ದು ತಿಳಿಯಿತು. ಈ ಬರಹದಲ್ಲಿ ಬೇರೆಯವರ ತಪ್ಪು ಹೇಳುವ ಮೊದಲು ನನ್ನದನ್ನು ಹೇಳುತ್ತೇನೆ. ಆ ಉತ್ತರದಲ್ಲಿ ಭೌತಶಾಸ್ತ್ರ ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪಾಗಿತ್ತು. ಏಕೆ ಎನ್ನುವುದು ಮೂರು ವಾರದ ಮೇಲೆ ಹೊಳೆಯಿತು.

ಸಂಜೆ ಅವನು ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಕಲ್ಯಾಣಿಯ ಕೆಳಗಿನ ಮೆಟ್ಟಿಲುಗಳ ಮೇಲೆ ಬಿಳಿಯ ಹಬೆ ತೆಳುವಾಗಿ ಹರಿದಾಡುತ್ತಿತ್ತು. ಈಶಾನ್ಯದ ಮೂಲೆಯಲ್ಲಿ ಗುಳುಗುಳು ಗುಳ್ಳೆಗಳು. ಹೆಂಗಸರು ಕೈ ಮುಗಿಯುತ್ತಿದ್ದರು. ಹಿಂದೆಯೇ ಇನ್ನೊಂದು ವಿಡಿಯೊ ಬಂತು, ಇದು ಅವನ ಭಾವಮೈದುನ ನ್ಯೂಜಿಲೆಂಡಿನಿಂದ ಕಳಿಸಿದ್ದು. ಹಿಮ ಹೊದ್ದ ಬೆಟ್ಟದ ಬುಡದಲ್ಲಿ ನೀಲಿ ಕೊಳಗಳು, ಅವುಗಳಲ್ಲಿ ಕತ್ತಿನವರೆಗೆ ಮುಳುಗಿ ನಗುತ್ತಿರುವ ಜನ, ಸುತ್ತ ಅಂಗಡಿ, ಹೋಟೆಲು. ಕೆಳಗೆ ಬರೆದಿದ್ದ: “ಮೇಷ್ಟ್ರೇ, ಇದೂ ಒಂದು ಹಳ್ಳಿಯೇ ಅಂತೆ.”

ಬಸ್ ಹತ್ತಿದೆ.

ಮೊದಲ ಭೇಟಿ

ಊರ ಹೊರಗೆ ತೆಂಗಿನ ತೋಟಗಳ ನಡುವೆ ಒಂದು ಈಶ್ವರನ ಗುಡಿ. ಅದರ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲುಗಳ ಚೌಕದ ಕಲ್ಯಾಣಿ. ಧನುರ್ಮಾಸವಾದ್ದರಿಂದ ನಸುಕಿಗೇ ಪೂಜೆ, ಬಿಸಿ ಹುಗ್ಗಿ. ಐದೂವರೆಗೆ ಹೋದಾಗ ಕಲ್ಯಾಣಿಯ ಸುತ್ತ ನೂರು ಜನರಾದರೂ ಇದ್ದರು, ಅವರಲ್ಲಿ ಅರ್ಧದಷ್ಟು ಮಂದಿಯ ಕೈಯಲ್ಲಿ ತಂಪು ಪಾನೀಯದ ಖಾಲಿ ಬಾಟಲಿ. ಟಾರ್ಚಿನ ಬೆಳಕಿನಲ್ಲಿ ಹಬೆ ಇನ್ನೂ ದಟ್ಟವಾಗಿ ಕಾಣುತ್ತಿತ್ತು. ನನ್ನ ಕನ್ನಡಕವೂ ಮಂಜಾಯಿತು. ಒಂದು ಕ್ಷಣ ನನ್ನ ಕೈಯೂ ತಾನಾಗಿಯೇ ಮುಗಿಯಲು ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಶಾಲೆಯ ಪ್ರಯೋಗಾಲಯದ ತಾಪಮಾಪಕ ಜೇಬಿನಲ್ಲಿತ್ತು. ಕಡ್ಡಿಗೆ ದಾರ ಕಟ್ಟಿ ಅದನ್ನು ಮೊದಲು ಗಾಳಿಯಲ್ಲಿ ತೂಗುಬಿಟ್ಟೆ: 13 ಡಿಗ್ರಿ. ನೀರಿನ ನಡುವೆ ಇಳಿಬಿಟ್ಟೆ: 26. ಗುಳ್ಳೆ ಏಳುವ ಮೂಲೆಯಲ್ಲಿ: 29. ಪಕ್ಕದ ತೋಟದ ಹಳೆಯ ತೆರೆದ ಬಾವಿಯಲ್ಲಿ ತಳದ ಒಂದಿಷ್ಟು ನೀರಿತ್ತು. ಅಲ್ಲಿಯೂ ನೋಡಿದೆ: 25. ಅಂದರೆ ನಾನು ಫೋನಿನಲ್ಲಿ ಹೇಳಿದಂತೆ ಇದು ಬರೀ ಬಾವಿ ನೀರಿನ ಬೆಚ್ಚಗೆ ಆಗಿರಲಿಲ್ಲ. ಮೂಲೆಯಲ್ಲಿ ನಾಲ್ಕು ಡಿಗ್ರಿ ಹೆಚ್ಚುವರಿ ಇತ್ತು, ಅದಕ್ಕೆ ಲೆಕ್ಕ ಸಿಗಬೇಕಿತ್ತು.

29 ಡಿಗ್ರಿ ಎಂದರೆ ಬಿಸಿಯೇ ಅಲ್ಲ. ಮೈಯ ಚರ್ಮಕ್ಕಿಂತ ತಣ್ಣಗಿನ ನೀರು ಅದು. ನಮ್ಮ ಮನೆಗಳ ಹಂಡೆಯಿಂದ ಯಾರಾದರೂ ಇಷ್ಟೇ ಬಿಸಿಯ ನೀರು ತೋಡಿಕೊಟ್ಟರೆ ಒಲೆಗೆ ಇನ್ನೆರಡು ಮಟ್ಟೆ ತುರುಕಿ ಎಂದು ಕೂಗುತ್ತೇವೆ. ಆದರೆ 13 ಡಿಗ್ರಿಯ ಗಾಳಿಯಲ್ಲಿ ಅರ್ಧ ಗಂಟೆ ನಿಂತು ಮರಗಟ್ಟಿದ ಕೈಗೆ ಅದು ಸುಖವಾದ ಬಿಸಿ. ಅಲ್ಲಿಯೇ ಎರಡು ಬಕೆಟ್ ತರಿಸಿ ಹಳೆಯ ಆಟ ಆಡಿಸಿದೆ: ಸದಸ್ಯನ ಎಡಗೈಯನ್ನು ರಾತ್ರಿಯೆಲ್ಲ ಹೊರಗಿದ್ದ ತಣ್ಣೀರಿನಲ್ಲಿ, ಬಲಗೈಯನ್ನು ಹುಗ್ಗಿಯ ಒಲೆಯ ಮೇಲೆ ಕಾಯಿಸಿದ ನೀರಿನಲ್ಲಿ ಎರಡು ನಿಮಿಷ ಇಡಿಸಿ, ಆಮೇಲೆ ಎರಡನ್ನೂ ಕಲ್ಯಾಣಿಯಲ್ಲಿ ಅದ್ದಿಸಿದೆ. ಒಂದು ಕೈ ಬಿಸಿ ಎಂದಿತು, ಇನ್ನೊಂದು ತಣ್ಣಗಿದೆ ಎಂದಿತು. ಸುತ್ತಲಿದ್ದ ಹುಡುಗರು ನಕ್ಕರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. “ನಾಲ್ಕು ದಿನದಿಂದ ಇದರಲ್ಲಿ ಕಾಲು ಇಟ್ಟುಕೊಂಡು ಕೂರುತ್ತಿದ್ದೇನೆ. ಮಂಡಿ ನೋವು ಕಡಿಮೆಯಾಗಿದೆ. ಅದೂ ಸುಳ್ಳೇನಪ್ಪ ಮೇಷ್ಟ್ರೇ?” ಸುಳ್ಳಲ್ಲ ಎಂದೆ. ಚಳಿಗೆ ಬಿಗಿದ ಮಂಡಿಗೆ ಬೆಚ್ಚನೆಯ ನೀರು ಹಿತ ಕೊಡುತ್ತದೆ, ಅದಕ್ಕೆ ನೀರು ಪಾತಾಳದಿಂದಲೇ ಬರಬೇಕೆಂದಿಲ್ಲ.

ಹಬೆಯ ವಿಷಯವೂ ಸರಳ. ನಾವು ಚಳಿಯಲ್ಲಿ ಬಿಡುವ ಉಸಿರು ಹೊಗೆಯಂತೆ ಕಾಣುವುದಿಲ್ಲವೇ? ಬೆಚ್ಚನೆಯ ನೀರಿಗೆ ತಾಗಿದ ಗಾಳಿ ತೇವ ಹೀರಿಕೊಂಡು ಮೇಲೇರುತ್ತದೆ, ಮೇಲಿನ ತಣ್ಣನೆಯ ಗಾಳಿಗೆ ಅಷ್ಟು ತೇವ ಹಿಡಿದಿಟ್ಟುಕೊಳ್ಳಲಾಗದೆ ಅದು ಸಣ್ಣ ಹನಿಗಳಾಗುತ್ತದೆ. ಕುದಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಳ್ಳೆಗಳು ಮಾತ್ರ ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹಿಂದಿರುಗಿದೆ. ಆ ನಾಲ್ಕು ಡಿಗ್ರಿ ಜೊತೆಯಲ್ಲಿಯೇ ಬಂತು.

ದೂರದ ಊರಿನ ಆಸೆ

ಅಷ್ಟರಲ್ಲಿ ಪಂಚಾಯಿತಿಯಲ್ಲಿ ಮಾತು ಬೆಳೆಯಿತು. ಸ್ವಾಗತ ಕಮಾನು, ವಾಹನ ನಿಲುಗಡೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಸ್ನಾನದ ಮನೆ, ಅಂಗಡಿ ಸಾಲು. ಹಾಸನಕ್ಕೆ ಬಂದವರು ಬೇಲೂರು, ಹಳೇಬೀಡು ನೋಡಿ ಹಾಗೆಯೇ ಚಿಕ್ಕಮಗಳೂರಿನ ಗಿರಿ ಹತ್ತುತ್ತಾರೆ, ಅರಸೀಕೆರೆ ಕಡೆ ತಿರುಗುವುದು ರೈಲು ಹಿಡಿಯಲು ಮಾತ್ರ. ಈ ಕೊರಗು ಹಳೆಯದು, ನ್ಯಾಯವಾದದ್ದು. ಹಾರನಹಳ್ಳಿಯ ಹೊಯ್ಸಳ ಗುಡಿಗಳೂ ಅರಸೀಕೆರೆಯ ಶಿವಾಲಯವೂ ಬೇರೆಲ್ಲಾದರೂ ಇದ್ದಿದ್ದರೆ ದಿನಕ್ಕೆ ಹತ್ತು ಬಸ್ ನಿಲ್ಲುತ್ತಿದ್ದವು. ಹಾಗಾಗಿ ಸದಸ್ಯನ ಆಸೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಅವನು ತೋರಿಸಿದ ಊರಿನ ಬಗ್ಗೆಯೇ ಓದಲು ಕುಳಿತೆ.

ಅದು ಹ್ಯಾನ್ಮರ್ ಸ್ಪ್ರಿಂಗ್ಸ್. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕ್ರೈಸ್ಟ್‌ಚರ್ಚ್‌ನಿಂದ ಉತ್ತರಕ್ಕೆ ಬೆಟ್ಟಗಳ ನಡುವಿನ ಬೋಗುಣಿಯಂಥ ಬಯಲಿನಲ್ಲಿರುವ ಪುಟ್ಟ ಊರು. ಜನಸಂಖ್ಯೆ ನಮ್ಮ ಹೋಬಳಿ ಕೇಂದ್ರಕ್ಕಿಂತ ಕಡಿಮೆ. 1859ರಲ್ಲಿ ವಿಲಿಯಂ ಜೋನ್ಸ್ ಎಂಬಾತ ಬಯಲಿನ ಮೇಲೆ ಎದ್ದ ಹಬೆ ಕಂಡು ಹತ್ತಿರ ಹೋಗಿ ಬುಗ್ಗೆಗಳನ್ನು ನೋಡಿದ. ಮಾವೋರಿ ಜನರಿಗೆ ಅವು ಅದಕ್ಕೂ ಮೊದಲೇ ಗೊತ್ತಿದ್ದವು. ಅವರಲ್ಲಿ ಒಂದು ಸ್ಥಳಪುರಾಣವೂ ಇದೆ: ತಮಾಟೇಯ ಎಂಬ ನಾಯಕ ತನ್ನವರು ಚಳಿಗೆ ಸಾಯುವಂತಾದಾಗ ಉತ್ತರದ ಜ್ವಾಲಾಮುಖಿಗಳಿಂದ ಬೆಂಕಿ ಬೇಡಿದ, ಅದರ ಒಂದು ಕೆಂಡ ಇಲ್ಲಿ ಬಿತ್ತು. ಎಷ್ಟು ಚೆಂದದ ಕತೆ! ನಮ್ಮ ಊರಿನಲ್ಲಿಯೂ ಹದಿನೈದು ದಿನದಲ್ಲಿ ಒಂದು ಪುರಾಣ ಹುಟ್ಟಿಕೊಂಡಿತ್ತು. ಋಷಿಯೊಬ್ಬ ಕಮಂಡಲ ಮಗುಚಿದ್ದನಂತೆ. ಕೆಂಡದ ಕತೆಯ ಮುಂದೆ ಅದು ಸಪ್ಪೆ ಎಂದು ಅರ್ಚಕರ ಮುಂದೆ ಹೇಳಲು ಧೈರ್ಯ ಬರಲಿಲ್ಲ.

ಭೂವಿಜ್ಞಾನ ಹೇಳುವುದು ಇನ್ನೊಂದು. ಹ್ಯಾನ್ಮರ್ ಬಯಲಿನ ಪಕ್ಕದಲ್ಲಿಯೇ ಹೋಪ್ ಸ್ತರಭಂಗ, ಅಂದರೆ ನೆಲದಾಳದ ಒಂದು ದೊಡ್ಡ ಒಡಕು, ಹಾದುಹೋಗುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳ ಮೂಲಕ ಆಳಕ್ಕೆ ಇಳಿದು, ಅಲ್ಲಿನ ಬಿಸಿ ಹೊತ್ತುಕೊಂಡು, ಒಡಕಿನ ದಾರಿ ಹಿಡಿದು ಬೇಗ ಮೇಲೆ ಬರುತ್ತದೆ. ಜ್ವಾಲಾಮುಖಿ ಬೇಕಿಲ್ಲ. ಆಳಕ್ಕೆ ಇಳಿಯುವ ದಾರಿ ಮತ್ತು ತಣ್ಣಗಾಗುವ ಮೊದಲೇ ಮೇಲೆ ಬರುವ ದಾರಿ, ಎರಡೂ ಇರಬೇಕು. ಈ ಪಯಣ ಎಷ್ಟು ನಿಧಾನವೆಂದರೆ ಅಮೆರಿಕದ ಆರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ ಇಂದು ಚಿಮ್ಮುವ 62 ಡಿಗ್ರಿಯ ನೀರು ಸುಮಾರು 4,400 ವರ್ಷದ ಹಿಂದೆ ಬಿದ್ದ ಮಳೆ.

ಹ್ಯಾನ್ಮರಿನ ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿನ ಕೊಳಗಳು ಯಾವ ಉದ್ಯಮಿಯ ಸ್ವತ್ತೂ ಅಲ್ಲ, ಹುರುನುಯಿ ಜಿಲ್ಲಾ ಮಂಡಳಿಯವು. ಬಂದ ಲಾಭ ಆ ಸೀಮೆಯ ಉದ್ಯಾನ, ಸಾರ್ವಜನಿಕ ಸೌಕರ್ಯಗಳಿಗೆ ಹೋಗುತ್ತದೆ. ನಮ್ಮ ಸದಸ್ಯ ಕಂಡದ್ದು ನೀಲಿ ಕೊಳ. ಪಂಚಾಯಿತಿಯವನಾಗಿ ಅವನು ನೋಡಬೇಕಿದ್ದದ್ದು ಈ ವ್ಯವಸ್ಥೆಯನ್ನು.

ಕ್ಯಾಲೆಂಡರ್

ಸಂಕ್ರಾಂತಿಗೆ ನಾಲ್ಕು ದಿನವಿದ್ದಾಗ ಎರಡನೆಯ ಸಲ ಹೋದೆ. ಈ ಸಲ ಹೋದದ್ದು ಒಂದು ಸುದ್ದಿ ಕೇಳಿ: ಹಬೆ ನಿಂತುಹೋಗಿತ್ತು. ನಿಂತದ್ದು ಇದು ಮೊದಲ ಸಲವೂ ಅಲ್ಲವಂತೆ. ಹಿಂದೊಮ್ಮೆ ನಿಂತಾಗ ಯಾರೋ ಮೈಲಿಗೆ ಮಾಡಿದರೆಂದು ಗುಸುಗುಸು ಎದ್ದು, ಪಂಚಗವ್ಯ ಪ್ರೋಕ್ಷಣೆ ಮಾಡಿ, ಅದಾದ ಎರಡು ದಿನಕ್ಕೆ ಹಬೆ ಮರಳಿತ್ತು. ಹಾಗಾಗಿ ಪ್ರೋಕ್ಷಣೆಯ ಮೇಲೆ ನಂಬಿಕೆ ಗಟ್ಟಿಯಾಗಿತ್ತು. ಮೈಲಿಗೆಯ ಗುಸುಗುಸು ಯಾವ ಕೇರಿಯ ಕಡೆ ಬೆರಳು ತೋರಿಸುತ್ತಿತ್ತು ಎಂಬುದನ್ನು ಬರೆಯುವ ಅಗತ್ಯವಿಲ್ಲ. ಈ ಪ್ರಕರಣವನ್ನು ಬೇಗ ಬಿಡಿಸಬೇಕು ಎಂದು ನನಗೆ ಅನ್ನಿಸಿದ್ದೇ ಆಗ. ಅಲ್ಲಿಯವರೆಗೆ ಇದು ನನಗೂ ಒಂದು ತಮಾಷೆಯ ಒಗಟಾಗಿತ್ತು.

ಅರ್ಚಕರು ಶಿಸ್ತಿನ ಮನುಷ್ಯ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ದಿನದಿನವೂ ಹಬೆ ಇದ್ದರೆ ಒಂದು ಸೊನ್ನೆ, ಇಲ್ಲದಿದ್ದರೆ ಒಂದು ಗೀಟು ಹಾಕಿದ್ದರು. ಆ ಹಾಳೆಯನ್ನು ಕೇಳಿ ಸದಸ್ಯನ ಮನೆಯ ಜಗುಲಿಗೆ ತಂದೆ. ಸೊನ್ನೆಗಳು ಗುಂಪಾಗಿ ಕುಳಿತಿದ್ದವು, ಗೀಟುಗಳು ಇನ್ನೊಂದು ಗುಂಪಾಗಿ. ಏಳು ದಿನ ಇದೆ, ಏಳು ದಿನ ಇಲ್ಲ, ಮತ್ತೆ ಏಳು ದಿನ ಇದೆ. ಭೂಗರ್ಭಕ್ಕೆ ಸೋಮವಾರ, ಭಾನುವಾರ ಗೊತ್ತಿರುವುದಿಲ್ಲ.

“ಈ ಊರಿನಲ್ಲಿ ವಾರಕ್ಕೊಮ್ಮೆ ಬದಲಾಗುವುದು ಏನಮ್ಮ?” ಎಂದು ಕಾಫಿ ತಂದಿಟ್ಟ ಸದಸ್ಯನ ಹೆಂಡತಿಯನ್ನು ಕೇಳಿದೆ. ಆಕೆ ಯೋಚಿಸಲೂ ಇಲ್ಲ. “ಕರೆಂಟು ಪಾಳಿ, ಮೇಷ್ಟ್ರೇ. ಒಂದು ವಾರ ತ್ರೀ ಫೇಸ್ ರಾತ್ರಿ, ಒಂದು ವಾರ ಹಗಲು.”

ಸದಸ್ಯನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಫಿ ಆರಿತು.

ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ರಾತ್ರಿ ಬರುವ ವಾರ ರೈತರು ಸ್ಟಾರ್ಟರನ್ನು ಆಟೋಗೆ ಹಾಕಿ ಮನೆಗೆ ಹೋಗಿ ಮಲಗುತ್ತಾರೆ. ಮೋಟಾರು ತಾನಾಗಿ ಓಡುತ್ತದೆ, ನಸುಕಿಗೆ ನಿಲ್ಲುತ್ತದೆ. ಆ ವಾರಗಳಲ್ಲಿ ಹಬೆ ಇತ್ತು. ಹಗಲು ಪಾಳಿಯ ವಾರಗಳಲ್ಲಿ ಮೋಟಾರು ಓಡಿದರೂ ನೋಡುವವರಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಹಬೆ ಕಾಣುವುದೂ ಇಲ್ಲ. ನಸುಕಿಗೆ ಜನ ಬರುವ ಹೊತ್ತಿಗೆ ಕಲ್ಯಾಣಿ ತಣ್ಣಗೆ ಮಲಗಿರುತ್ತಿತ್ತು.

ಆಗ ನನ್ನ ತಲೆಗೆ ಆ ಮೂರು ವಾರದ ಹಿಂದಿನ ತಪ್ಪು ಹೊಳೆದದ್ದು. “ಈ ಕಲ್ಯಾಣಿಯಲ್ಲಿ ಹೋದ ವರ್ಷ ನೀರಿತ್ತೇ?” ಎಂದೆ. ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ? ಇರಲಿಲ್ಲ. ಬಾಲ್ಯದಲ್ಲಿ ಈಜಿದ ನೆನಪು ಅವನಿಗಿತ್ತು, ಅದಾದ ಮೇಲೆ ಹುಡುಗರು ಅದರ ತಳದಲ್ಲಿ ಕ್ರಿಕೆಟ್ ಆಡಿದ್ದೇ ಹೆಚ್ಚು. ಬೇಸಿಗೆ ಬಂದರೆ ಟ್ಯಾಂಕರ್ ಕಾಯುವ ಸೀಮೆಯಲ್ಲಿ, ವರ್ಷಗಟ್ಟಲೆ ಒಣಗಿದ್ದ ಕಲ್ಯಾಣಿಗೆ ಡಿಸೆಂಬರಿನಲ್ಲಿ ಮೊಣಕಾಲುದ್ದ ನೀರು ಬಂದಿತ್ತು. ಅದು ಬಿಸಿಯಾಗಿದೆ ಎಂದು ಊರಿಗೆ ಊರೇ ಬೆರಗಾಯಿತು. ಬಂದದ್ದಾದರೂ ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ, ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ ನಾನೂ ಕೇಳಲಿಲ್ಲ.

ಪೈಪು

ಕಲ್ಯಾಣಿಯ ಈಶಾನ್ಯಕ್ಕೆ ಒಂದು ಕೂಗಳತೆಯಲ್ಲಿ ತೆಂಗಿನ ತೋಟ, ಅದರ ಅಂಚಿನಲ್ಲಿ 1,100 ಅಡಿಯ ಕೊಳವೆಬಾವಿ. ಯಜಮಾನರು ತೋಟದ ಇನ್ನೊಂದು ತುದಿಯ ಕೃಷಿ ಹೊಂಡಕ್ಕೆ ನೀರು ತುಂಬಿಸಿಕೊಂಡು ಅಲ್ಲಿಂದ ಹನಿ ನೀರಾವರಿ ಮಾಡುತ್ತಾರೆ. ಹೊಂಡಕ್ಕೆ ಹೋಗುವ ಕಪ್ಪು ಪೈಪು ನೆಲದಡಿಯಲ್ಲಿ ಗುಡಿಯ ದಾರಿಯನ್ನು ದಾಟುತ್ತದೆ. ಆ ದಾರಿಯನ್ನು ಜಾತ್ರೆಗೆಂದು ಹಿಂದಿನ ಮಳೆಗಾಲ ಕಳೆದ ಮೇಲೆ ಜೆಸಿಬಿ ತಂದು ಅಗಲ ಮಾಡಿದ್ದರು. ಮಾಡಿಸಿದ್ದು ಪಂಚಾಯಿತಿ. ಸದಸ್ಯ ಇದನ್ನು ಹೇಳುವಾಗ ನೆಲ ನೋಡುತ್ತಿದ್ದ.

ಯಜಮಾನರದು ಬೇರೆಯೇ ಕತೆ. ಹೊಂಡ ತುಂಬುತ್ತಿಲ್ಲ, ಬೋರು ಕೈಕೊಡುತ್ತಿದೆ ಎಂದು ಅವರು ಎರಡು ತಿಂಗಳಿಂದ ನಿದ್ದೆಗೆಟ್ಟಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸಿ ಹೊಸ ಜಾಗ ಗುರುತು ಮಾಡಿಸಿಯೂ ಆಗಿತ್ತು. ಬೋರಿನ ಗಾಡಿಗೆ ಮುಂಗಡ ಕೊಡುವುದೊಂದು ಬಾಕಿ. ಕಲ್ಯಾಣಿಯಲ್ಲಿ ಗಂಗೆ ಎದ್ದ ಸುದ್ದಿ ಕೇಳಿ ಅವರೂ ಒಂದು ಬೆಳಗ್ಗೆ ಹೋಗಿ, ತಮ್ಮ ಬೋರಿಗೂ ನೀರು ಬರಲಿ ಎಂದು ತಮ್ಮದೇ ನೀರಿಗೆ ಕೈ ಮುಗಿದು ಬಂದಿದ್ದರು.

“ಯಜಮಾನರೇ, ಒಂದು ಗಂಟೆ ಮೋಟಾರು ಹಾಕಿ ನೋಡೋಣವೇ?” ಎಂದೆ. ಹಗಲು ಪಾಳಿಯಾದ್ದರಿಂದ ವಿದ್ಯುತ್ತಿತ್ತು. ಸ್ಟಾರ್ಟರ್ ಒತ್ತಿ ಹತ್ತು ಹನ್ನೆರಡು ನಿಮಿಷಕ್ಕೆ ಕಲ್ಯಾಣಿಯ ಮೂಲೆಯಲ್ಲಿ, ಕೆಳಗಿನಿಂದ ಮೂರನೆಯ ಮೆಟ್ಟಿಲಿನ ಸಂದಿಯಿಂದ ನೀರು ಜಿನುಗಿತು. ಮೊದಲು ಕೆಸರು, ಆಮೇಲೆ ತಿಳಿ. ಹಿಂದೆಯೇ ಗುಳ್ಳೆ. ಕೊಳವೆಬಾವಿಯ ನೀರಿನ ಮಟ್ಟ ಕುಸಿದಾಗ ಪಂಪು ನೀರಿನೊಡನೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಪೈಪಿನ ಬಾಯಲ್ಲಿ ನೀರು ಹಾಲಿನಂತೆ ಬೆಳ್ಳಗೆ ಬೀಳುವುದನ್ನು ಈ ಕಡೆಯ ಪ್ರತಿ ರೈತನೂ ನೋಡಿದ್ದಾನೆ. ಭಕ್ತರ ಕಣ್ಣಿಗೆ ‘ಕುದಿಯುತ್ತಿದ್ದ’ ಗುಳ್ಳೆ ಅದೇ ಗಾಳಿ. ಮೋಟಾರು ನಿಲ್ಲಿಸಿದೆವು. ಜಿನುಗು ನಿಂತಿತು. ಮತ್ತೆ ಹಾಕಿದೆವು. ಮತ್ತೆ ಬಂತು. ಯಜಮಾನರು ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಆ ಸಂದಿಯನ್ನೇ ನೋಡುತ್ತಿದ್ದರು. ಅವರು ಆಗ ಆಡಿದ ಮಾತನ್ನು ಅಚ್ಚು ಮಾಡುವಂತಿಲ್ಲ.

ಉಳಿದದ್ದು ನಾಲ್ಕು ಡಿಗ್ರಿಯ ಲೆಕ್ಕ. ಪೈಪು ಬಿಚ್ಚಿಸಿ ಬೋರಿನ ಬಾಯಲ್ಲೇ ಅಳೆದೆ: 32 ಡಿಗ್ರಿ. ಇದು ಎಲ್ಲಿಂದ ಬಂತು? ಮೇಲಿನ ನೆಲದ ನೀರು 25 ಎಂದು ತೆರೆದ ಬಾವಿ ಹೇಳಿತ್ತು. ಆಳಕ್ಕೆ ಹೋದಂತೆ ಬಿಸಿ ಏರುತ್ತದೆ, ಆದರೆ ಎಲ್ಲೆಡೆ ಒಂದೇ ಸಮನಲ್ಲ. ಲೋಕದ ಸಾಮಾನ್ಯ ಲೆಕ್ಕ 100 ಮೀಟರಿಗೆ ಎರಡೂವರೆಯಿಂದ ಮೂರು ಡಿಗ್ರಿ. ನಮ್ಮದು 300 ಕೋಟಿ ವರ್ಷದಷ್ಟು ಹಳೆಯ ಬಂಡೆಯ ನಾಡು, ತಣ್ಣಗಾಗಿ ಕುಳಿತ ನೆಲ. ಇಲ್ಲಿ 100 ಮೀಟರಿಗೆ ಒಂದರಿಂದ ಒಂದೂವರೆ ಡಿಗ್ರಿ ಅಷ್ಟೇ. 1,100 ಅಡಿ ಎಂದರೆ 335 ಮೀಟರ್, ಅಂದರೆ ನಾಲ್ಕು ನಾಲ್ಕೂವರೆ ಡಿಗ್ರಿ. ಇಪ್ಪತ್ತೊಂಬತ್ತೂವರೆ ಆಯಿತು.

ಇನ್ನುಳಿದ ಎರಡೂವರೆಗೆ ಮೋಟಾರೇ ಹೊಣೆ. ಹತ್ತು ಎಚ್‌ಪಿಯ ಮೋಟಾರು, ಅಂದರೆ ಏಳೂವರೆ ಕಿಲೊವ್ಯಾಟ್. ಹದಿನೈದು ಲೀಟರಿನ ಬಕೆಟ್ ತುಂಬಲು 25 ಸೆಕೆಂಡು ಹಿಡಿಯಿತು. ಇಷ್ಟು ಸಣ್ಣ ಧಾರೆಯನ್ನು ಅಷ್ಟು ಆಳದಿಂದ ಎತ್ತಲು ನಿಜವಾಗಿ ಬೇಕಾದ ಶಕ್ತಿ ಎರಡು ಕಿಲೊವ್ಯಾಟಿಗೂ ಕಡಿಮೆ. ಉಳಿದ ಐದಾರು ಕಿಲೊವ್ಯಾಟ್ ಮೋಟಾರಿನಲ್ಲೂ ಪಂಪಿನಲ್ಲೂ ಶಾಖವಾಗಿ, ಅದನ್ನು ಸುತ್ತುವರಿದ ನೀರಿಗೇ ಸೇರುತ್ತದೆ. ಬಚ್ಚಲುಮನೆಯ ಗೀಸರ್ ಎರಡು ಮೂರನ್ನು ಬೋರಿನೊಳಗೆ ಇಳಿಬಿಟ್ಟ ಹಾಗೆ. ಲೆಕ್ಕ ಹಾಕಿದರೆ ಎರಡು ಡಿಗ್ರಿಯ ಮೇಲೆ ಏರಲೇಬೇಕು. ಬೋರಿನಲ್ಲಿ ನೀರು ಕಡಿಮೆಯಾದಷ್ಟೂ ಅದು ಹೆಚ್ಚು ಬಿಸಿಯಾಗಿ ಬರುತ್ತದೆ. ಅಂದರೆ ಊರು ಯಾವುದನ್ನು ಗಂಗೆ ಉಕ್ಕಿದ ಲಕ್ಷಣ ಎಂದುಕೊಂಡಿತ್ತೋ ಅದರಲ್ಲಿ ಒಂದು ಪಾಲು ಗಂಗೆ ಬತ್ತುತ್ತಿರುವ ಲಕ್ಷಣವಾಗಿತ್ತು.

ಸಭೆ

ಪಂಚಾಯಿತಿಯ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು ಎದ್ದು ನಿಂತು, ನಮ್ಮ ರಾಜ್ಯದಲ್ಲಿ ಎಲ್ಲಿಯೂ ಬಿಸಿನೀರಿನ ಬುಗ್ಗೆ ಇರಲು ಸಾಧ್ಯವಿಲ್ಲ ಎನ್ನುತ್ತೀರಾ ಎಂದು ಕೇಳಿದರು. ಇದೆ. ಘಟ್ಟ ಇಳಿದರೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ದಡದಲ್ಲಿ ಬೆಂದ್ರ್ ತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅದಕ್ಕೆ ಮೋಟಾರಿಲ್ಲ, ಪಾಳಿಯಿಲ್ಲ. ಪಶ್ಚಿಮ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ಕೊಂಕಣದಲ್ಲಿ ರಾಜವಾಡಿ, ಅರವಲಿಯಿಂದ ವಜ್ರೇಶ್ವರಿ, ಗಣೇಶಪುರಿಯವರೆಗೆ ಬುಗ್ಗೆಗಳ ಸಾಲೇ ಇದೆ. ಅಲ್ಲಿ ನೆಲದ ಒಡಕುಗಳು ನೀರಿಗೆ ಇಳಿಯುವ, ಏರುವ ದಾರಿ ಮಾಡಿಕೊಟ್ಟಿವೆ. ಹಿಮಾಲಯದ ಮಣಿಕರಣದಲ್ಲಂತೂ ನೀರು ಕುದಿಯುವ ಅಂಚಿನಲ್ಲಿರುತ್ತದೆ. ಅಕ್ಕಿಯನ್ನು ಬಟ್ಟೆಯ ಗಂಟು ಕಟ್ಟಿ ಇಳಿಬಿಟ್ಟು ಅನ್ನ ಮಾಡಿಕೊಳ್ಳುತ್ತಾರೆ.

ಅರಸೀಕೆರೆಯ ಬಂಡೆಗೆ ಆ ಭಾಗ್ಯವಿಲ್ಲ. ನಮ್ಮದೇ ರಾಜ್ಯದ ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೊಮೀಟರಿಗೂ ಆಳಕ್ಕೆ ಹೋಗಿತ್ತು. 2001ರಲ್ಲಿ ಮುಚ್ಚಿದ ಆ ಗಣಿಯ ತಳದಲ್ಲಿ ದುಡಿದವರು 60 ಡಿಗ್ರಿ ದಾಟಿದ ಬಂಡೆಯ ನಡುವೆ ಬೆವರು ಸುರಿಸಿದರು. ಅಂಥ ಬಿಸಿ ಬೇಕಾದರೆ ನಮ್ಮ ಯಜಮಾನರ ಬೋರನ್ನು ಇನ್ನೂ ಒಂಬತ್ತು ಪಟ್ಟು ಕೊರೆಯಬೇಕು ಎಂದೆ. ಯಜಮಾನರು ಬೇಡವೇ ಬೇಡ ಎಂದು ಕೈ ಆಡಿಸಿದರು.

ನಾನು ಮಾಡಿದ ಒಂದು ಅಚಾತುರ್ಯವನ್ನೂ ದಾಖಲಿಸಬೇಕು. ಮಾತಿನ ಭರದಲ್ಲಿ ಜಪಾನಿನ ಕಾನೂನಿನ ವಿಷಯ ಬಾಯಿಬಿಟ್ಟೆ. 1948ರ ಅಲ್ಲಿನ ಬಿಸಿನೀರಿನ ಬುಗ್ಗೆ ಕಾಯ್ದೆಯ ಪ್ರಕಾರ ನೆಲದಿಂದ ಹೊರಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅದು ಒನ್‌ಸೆನ್. ಸದಸ್ಯ ತಟ್ಟನೆ ಹಿಡಿದುಕೊಂಡ: “ಹಾಗಾದರೆ ಮೇಷ್ಟ್ರೇ, ಜಪಾನಿನಲ್ಲಿ ನಮ್ಮದು ಬಿಸಿನೀರಿನ ಬುಗ್ಗೆಯೇ!” ಹೌದು ಎನ್ನದೆ ವಿಧಿಯಿರಲಿಲ್ಲ. “ಆದರೆ ಆ ಲೆಕ್ಕಕ್ಕೆ ತಾಲ್ಲೂಕಿನ ಆಳದ ಬೋರುಗಳೆಲ್ಲ ಬುಗ್ಗೆಗಳೇ ಆಗುತ್ತವೆ. ಎಷ್ಟು ಕಮಾನು ಕಟ್ಟಿಸುತ್ತೀಯ?” ಎಂದೆ. ಜಪಾನಿನ ಕುಸಾತ್ಸು ಎಂಬ ಊರಿನಲ್ಲಿ ನೀರು ಎಷ್ಟು ಬಿಸಿಯೆಂದರೆ ಹಾಡು ಹೇಳುತ್ತಾ ಉದ್ದನೆಯ ಹಲಗೆಗಳಿಂದ ಕಲಕಿ ಆರಿಸುತ್ತಾರೆ. ನಮ್ಮಲ್ಲಿ ಕಾಯಿಸಬೇಕಾಗುತ್ತಿತ್ತು.

ನಗು ನಿಂತದ್ದು ಬಾಟಲಿಗಳ ವಿಷಯ ಬಂದಾಗ. ಎರಡು ಕಾರಣಕ್ಕೆ ನಾನು ಆ ನೀರನ್ನು ಕುಡಿಯಬೇಡಿ, ಅದರಲ್ಲಿ ಮುಳುಗಬೇಡಿ ಎಂದೆ. ಒಂದು, ಫ್ಲೋರೈಡ್. ಆಳದ ಗ್ರಾನೈಟ್ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಾಗ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದರಾಚೆಗೆ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ. ಪ್ರಯೋಗಾಲಯಕ್ಕೆ ಕೊಟ್ಟಿದ್ದ ಮಾದರಿ ಆ ಮಿತಿಯನ್ನು ದಾಟಿತ್ತು. ಐದು ರೂಪಾಯಿಯ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸುವ ಜನ, ಯಾವ ನೀರನ್ನು ತಪ್ಪಿಸಲು ಆ ಘಟಕ ಬಂತೋ ಅದೇ ನೀರನ್ನು ತೀರ್ಥವೆಂದು ಮಕ್ಕಳಿಗೆ ಕುಡಿಸುತ್ತಿದ್ದರು.

ಇನ್ನೊಂದು, ನಿಂತ ಬೆಚ್ಚನೆಯ ನೀರಿನ ಅಪಾಯ. ಇಂಗ್ಲೆಂಡಿನ ಬಾತ್ ನಗರದಲ್ಲಿ ರೋಮನ್ನರ ಕಾಲದಿಂದ ಸ್ನಾನ ನಡೆದ 46 ಡಿಗ್ರಿಯ ನಿಜವಾದ ಬುಗ್ಗೆಯಿದೆ. 1978ರಲ್ಲಿ ಅಲ್ಲಿನ ಕೊಳದಲ್ಲಿ ಈಜಿದ ಬಾಲಕಿಯೊಬ್ಬಳ ಮೂಗಿನ ಮೂಲಕ ಅಮೀಬಾ ಮೆದುಳು ಸೇರಿ ಆಕೆ ತೀರಿಕೊಂಡಳು. ಸ್ನಾನ ನಿಂತಿತು. ಸುರಕ್ಷಿತವಾಗಿ ಶುದ್ಧ ಮಾಡಿದ ನೀರಿನ ಹೊಸ ಸ್ನಾನಗೃಹ ತೆರೆದದ್ದು 2006ರಲ್ಲಿ. ನಮ್ಮ ಕಲ್ಯಾಣಿಯ ತಳದಲ್ಲಿ ವರ್ಷಗಳ ಹೂಳು, ಎಲೆ, ಗಾಜಿನ ಚೂರು, ಕ್ರಿಕೆಟ್ ಚೆಂಡು.

ಅರ್ಚಕರು ಅಲ್ಲಿಯವರೆಗೆ ಸುಮ್ಮನಿದ್ದವರು, “ಪೈಪು ಸರಿಮಾಡಿಸಿ. ಬೇರೆಯವರ ನೀರು ಕದ್ದು ಈಶ್ವರನಿಗೆ ಆಗಬೇಕಾದ್ದೇನೂ ಇಲ್ಲ” ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಆಮೇಲೆ

ದಾರಿಯನ್ನು ಅಗೆದಾಗ ಮೊಳಕಾಲು ಆಳದಲ್ಲಿ ಪೈಪು ಸಿಕ್ಕಿತು. ಜೆಸಿಬಿಯ ಹಲ್ಲು ತಾಗಿ ಅಂಗೈ ಅಗಲದ ಸೀಳು. ನೀರು ಅಲ್ಲಿಂದ ಕಲ್ಯಾಣಿಯ ಗೋಡೆಯವರೆಗೆ ಮಣ್ಣಿನೊಳಗೆ ಬಿಲ ತೋಡಿಕೊಂಡಿತ್ತು. ಜೋಡಣೆ ಹಾಕಿಸಿದ ಖರ್ಚು ಪಂಚಾಯಿತಿಯದು. ಎರಡು ತಿಂಗಳು ಹೋದ ನೀರಿಗೆ, ಸುಟ್ಟ ವಿದ್ಯುತ್ತಿಗೆ ಯಾರೂ ಲೆಕ್ಕ ಕೇಳಲಿಲ್ಲ. ಯಜಮಾನರ ಹೊಂಡ ತುಂಬತೊಡಗಿತು, ಬೋರಿನ ಗಾಡಿ ಬರಲಿಲ್ಲ. ತೆಂಗಿನಕಾಯಿಯವರು ಗುರುತು ಹಾಕಿ ನೆಟ್ಟ ಕಲ್ಲು ಇನ್ನೂ ಅಲ್ಲಿಯೇ ಇದೆ. ಕೀಳಿಸಲು ಅವರಿಗೆ ಮನಸ್ಸಿಲ್ಲ.

ಕಲ್ಯಾಣಿ ಶಿವರಾತ್ರಿಯ ಹೊತ್ತಿಗೆ ಒಣಗಿತು. ಒಣಗಿದ್ದೇ ಒಳ್ಳೆಯದಾಯಿತೆಂದು ಊರ ಹುಡುಗರು ಹೂಳೆತ್ತಿದರು. ಸದಸ್ಯ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದ. ಆಮೇಲೆ ಫೋನು ಮಾಡಿ, ಗುಡಿಯ ಮಾಡಿನ ಮಳೆನೀರನ್ನು ಕಲ್ಯಾಣಿಗೆ ತಿರುಗಿಸಲು ಎಷ್ಟು ಇಂಚಿನ ಪೈಪು ಬೇಕು ಎಂದು ಕೇಳಿದ. ಕಮಾನಿನ ಮಾತು ಬರಲಿಲ್ಲ. ಋಷಿಯ ಕಮಂಡಲದ ಕತೆ ಮಾತ್ರ ಉಳಿದುಕೊಂಡಿದೆ, ಈಗ ಅದರಲ್ಲಿ ಋಷಿ ಕೋಪಗೊಂಡು ನೀರನ್ನು ಹಿಂದಕ್ಕೆ ಕರೆದನೆಂಬ ಭಾಗವೂ ಸೇರಿದೆಯಂತೆ.

ಮಂಡಿ ನೋವಿನ ಅಜ್ಜಿ ಯಜಮಾನರ ಬಳಿ ಒಪ್ಪಂದ ಮಾಡಿಕೊಂಡಿದ್ದಾರೆ. ರಾತ್ರಿ ಪಾಳಿಯ ವಾರ ನಸುಕಿಗೆ ತೋಟದ ಬೇಲಿಯ ಗೇಟು ತೆರೆದಿರುತ್ತದೆ. ಅಜ್ಜಿ ಬೋರಿನ ಬಾಯಿಯ ತೊಟ್ಟಿಯ ಕಟ್ಟೆ ಮೇಲೆ ಕುಳಿತು, ಸೀರೆಯನ್ನು ಮಂಡಿಯವರೆಗೆ ಎತ್ತಿಕಟ್ಟಿ, ಧಾರೆಯ ಕೆಳಗೆ ಕಾಲು ಚಾಚುತ್ತಾರೆ. ಕರೆಂಟು ಹೋಗುವವರೆಗೆ.